ಸ್ಕಾಟ್ಲೆಂಡಿನ ಕೌನ್ಸಿಲ್ ಚುನಾವಣೆ ಫಲಿತಾಂಶ: ಪದೇ ಪದೇ ಕೇಳುವ ಪ್ರಶ್ನೆಗಳು

ಸ್ಕಾಟ್ಲೆಂಡಿನ 32 ಕೌನ್ಸಿಲ್‌ಗಳಿಗೂ, ಅಂದರೆ ಸ್ಥಳೀಯ ಸರ್ಕಾರಗಳಿಗೂ, 2022ರ ಮೇ 5ರಂದು ಒಂದೇ ದಿನ ಮತದಾನ ನಡೆಯಿತು. ಮರುದಿನ ಸಂಜೆಯೊಳಗೆ ಸೀಟುಗಳ ಲೆಕ್ಕ ಸಿಕ್ಕಿತು. ಆದರೆ ಯಾವ ಊರಿನ ಆಡಳಿತ ಯಾರ ಕೈಗೆ ಹೋಗುತ್ತದೆ ಎಂಬುದು ತಿಳಿಯಲು ಹಲವು ಕಡೆ ವಾರಗಳೇ ಹಿಡಿದವು. ಇಲ್ಲಿಗೆ ಓದಲು, ದುಡಿಯಲು ಬಂದ ಕನ್ನಡಿಗರು ಮತ್ತು ಊರಿನಲ್ಲಿ ಕುಳಿತು ಇಲ್ಲಿನ ಸುದ್ದಿ ಓದುವ ಗೆಳೆಯರು ಆ ಚುನಾವಣೆಯ ಬಗ್ಗೆ ನನ್ನನ್ನು ಮತ್ತೆ ಮತ್ತೆ ಕೇಳಿದ ಪ್ರಶ್ನೆಗಳನ್ನು ಇಲ್ಲಿ ಒಂದೆಡೆ ಸೇರಿಸಿದ್ದೇನೆ.

ಒಟ್ಟಾರೆ ಫಲಿತಾಂಶ ಏನು?

ಆಯ್ಕೆಯಾದ ಕೌನ್ಸಿಲರ್‌ಗಳು ಒಟ್ಟು 1,226. ಸ್ಕಾಟ್ಲೆಂಡ್ ಬ್ರಿಟನ್ನಿನಿಂದ ಬೇರೆಯಾಗಿ ಸ್ವತಂತ್ರ ದೇಶವಾಗಬೇಕು ಎನ್ನುವ ಸ್ಕಾಟಿಷ್ ನ್ಯಾಷನಲ್ ಪಾರ್ಟಿ, ಅಂದರೆ ಎಸ್‌ಎನ್‌ಪಿ, 453 ಸೀಟು ಗೆದ್ದಿತು. ಲೇಬರ್ 282, ಕನ್ಸರ್ವೇಟಿವ್ 214, ಲಿಬರಲ್ ಡೆಮಾಕ್ರಾಟ್ 87, ಗ್ರೀನ್ 35. ಯಾವ ಪಕ್ಷಕ್ಕೂ ಸೇರದ ಸ್ವತಂತ್ರರು 152 ಮಂದಿ. ಉಳಿದ ಮೂರು ಸೀಟುಗಳು ಮೂರು ಪುಟ್ಟ ಪಕ್ಷಗಳಿಗೆ ಹೋದವು. ಹಿಂದಿನ, ಅಂದರೆ 2017ರ ಚುನಾವಣೆಗೆ ಹೋಲಿಸಿದರೆ ಎಸ್‌ಎನ್‌ಪಿ 22, ಲೇಬರ್ 20, ಲಿಬರಲ್ ಡೆಮಾಕ್ರಾಟ್ 20, ಗ್ರೀನ್ 16 ಸೀಟು ಹೆಚ್ಚಿಸಿಕೊಂಡವು. ಕನ್ಸರ್ವೇಟಿವ್ ಪಕ್ಷ 62 ಸೀಟು ಕಳೆದುಕೊಂಡಿತು.

ಹಾಗಾದರೆ ಗೆದ್ದವರು ಎಸ್‌ಎನ್‌ಪಿಯವರೇ?

ಅತಿ ದೊಡ್ಡ ಪಕ್ಷ ಅವರದು, ಅದರಲ್ಲಿ ಅನುಮಾನವಿಲ್ಲ. ಆದರೆ ಇಡೀ ಸ್ಕಾಟ್ಲೆಂಡಿನ ಸೀಟುಗಳನ್ನು ಕೂಡಿಸಿ ಗೆಲುವು ಸೋಲು ಹೇಳುವುದರಲ್ಲಿ ಒಂದು ತೊಡಕಿದೆ. ಇದು ಒಂದು ಚುನಾವಣೆಯಲ್ಲ, 32 ಚುನಾವಣೆ. ಆ 32ರಲ್ಲಿ ಒಂದೇ ಪಕ್ಷಕ್ಕೆ ಸ್ಪಷ್ಟ ಬಹುಮತ ಬಂದದ್ದು ಎರಡೇ ಕಡೆ. ಡಂಡಿಯಲ್ಲಿ ಎಸ್‌ಎನ್‌ಪಿ 29ರಲ್ಲಿ 15 ಸೀಟು ಪಡೆಯಿತು, ವೆಸ್ಟ್ ಡನ್‌ಬಾರ್ಟನ್‌ಶರ್‌ನಲ್ಲಿ ಲೇಬರ್ 22ರಲ್ಲಿ 12. ಆರ್ಕ್ನಿ, ಶೆಟ್‌ಲ್ಯಾಂಡ್ ಮತ್ತು ಪಶ್ಚಿಮ ದ್ವೀಪಗಳಲ್ಲಿ ಎಂದಿನಂತೆ ಸ್ವತಂತ್ರರದೇ ಮೇಲುಗೈ. ಉಳಿದ 27 ಕೌನ್ಸಿಲ್‌ಗಳು ಅತಂತ್ರ.

‘ಅತಂತ್ರ’ ಎಂದು ಬರೆಯುವಾಗ ನನಗೆ ಕೊಂಚ ಅಳುಕು. ನಮ್ಮ ಕಡೆ ಆ ಪದದ ಬೆನ್ನಿಗೇ ರೆಸಾರ್ಟ್ ನೆನಪಾಗುತ್ತದೆ. ಇಲ್ಲಿ ಅತಂತ್ರ ಕೌನ್ಸಿಲ್ ಎಂದರೆ ಅಪಶಕುನವಲ್ಲ. ಈ ಚುನಾವಣಾ ಪದ್ಧತಿಯಲ್ಲಿ ಅದೇ ಸಹಜ ಸ್ಥಿತಿ. ಯಾರಿಗೂ ಅರ್ಧಕ್ಕಿಂತ ಹೆಚ್ಚು ಜನ ಮತ ಕೊಟ್ಟಿಲ್ಲ ಎಂದಾದರೆ ಯಾರಿಗೂ ಅರ್ಧಕ್ಕಿಂತ ಹೆಚ್ಚು ಸೀಟು ಬಾರದಿರುವುದೇ ಸರಿಯಲ್ಲವೇ?

63ರಲ್ಲಿ 13 ಸೀಟು ಗೆದ್ದ ಲೇಬರ್ ಪಕ್ಷ ಎಡಿನ್‌ಬರೋ ನಗರದ ಆಡಳಿತ ಹಿಡಿದದ್ದು ಹೇಗೆ?

ನನ್ನನ್ನು ಅತಿ ಹೆಚ್ಚು ಸಲ ಕೇಳಿದ ಪ್ರಶ್ನೆ ಇದು. ಕೇಳುವವರ ದನಿಯಲ್ಲಿ ಏನೋ ಮೋಸ ನಡೆದಿದೆ ಎಂಬ ಶಂಕೆಯೂ ಇರುತ್ತದೆ. ಮೋಸ ನಡೆದಿಲ್ಲ.

ಎಡಿನ್‌ಬರೋದಲ್ಲಿ ಎಸ್‌ಎನ್‌ಪಿ 19, ಲೇಬರ್ 13, ಲಿಬರಲ್ ಡೆಮಾಕ್ರಾಟ್ 12, ಗ್ರೀನ್ 10, ಕನ್ಸರ್ವೇಟಿವ್ 9 ಸೀಟು ಗೆದ್ದಿದ್ದವು. ಬಹುಮತಕ್ಕೆ 32 ಬೇಕು. ಎಸ್‌ಎನ್‌ಪಿ ಮತ್ತು ಗ್ರೀನ್ ಕೈಜೋಡಿಸಿದರೂ 29ಕ್ಕೆ ನಿಲ್ಲುತ್ತಿತ್ತು. ಲೇಬರ್ ಪಕ್ಷವಂತೂ ಎಸ್‌ಎನ್‌ಪಿ ಜತೆಗಾಗಲಿ ಕನ್ಸರ್ವೇಟಿವ್ ಜತೆಗಾಗಲಿ ಅಧಿಕೃತ ಮೈತ್ರಿ ಮಾಡಿಕೊಳ್ಳುವುದಿಲ್ಲ ಎಂದು ಮೊದಲೇ ಸಾರಿತ್ತು. ಕೊನೆಗೆ ಮೇ ತಿಂಗಳ ಉತ್ತರಾರ್ಧದಲ್ಲಿ ಕೌನ್ಸಿಲ್ ಸಭೆ ಸೇರಿ ಮತಕ್ಕೆ ಹಾಕಿದಾಗ, ಲಿಬರಲ್ ಡೆಮಾಕ್ರಾಟರು ಮತ್ತು ಕನ್ಸರ್ವೇಟಿವರು ಲೇಬರ್‌ನ ಅಲ್ಪಮತದ ಆಡಳಿತದ ಪರವಾಗಿ ಕೈ ಎತ್ತಿದರು. ಹದಿಮೂರು, ಹನ್ನೆರಡು, ಒಂಬತ್ತು ಕೂಡಿದರೆ 34. ಇದನ್ನು ಒಪ್ಪದ ಇಬ್ಬರು ಲೇಬರ್ ಕೌನ್ಸಿಲರ್‌ಗಳು ಮತದಾನದಿಂದ ದೂರ ಉಳಿದರು, ಪಕ್ಷ ಅವರನ್ನು ಅಮಾನತು ಮಾಡಿತು. ಆದರೂ ಲೆಕ್ಕ ತಪ್ಪಲಿಲ್ಲ.

ಇಂಥದ್ದು ಎಡಿನ್‌ಬರೋದಲ್ಲಿ ಮಾತ್ರ ಆಗಲಿಲ್ಲ. ಫೈಫ್‌ನಲ್ಲಿ 75 ಸೀಟುಗಳ ಪೈಕಿ ಎಸ್‌ಎನ್‌ಪಿ 34 ಗೆದ್ದಿದ್ದರೂ 20 ಸೀಟಿನ ಲೇಬರ್ ಆಡಳಿತಕ್ಕೆ ಬಂತು. ಸ್ಟರ್ಲಿಂಗ್‌ನಲ್ಲಿ 23ರಲ್ಲಿ ಆರೇ ಸೀಟು ಗೆದ್ದು ಮೂರನೆಯ ಸ್ಥಾನದಲ್ಲಿದ್ದ ಲೇಬರ್ ಚುಕ್ಕಾಣಿ ಹಿಡಿಯಿತು. ಅಬರ್ಡೀನ್‌ನಲ್ಲಿ ಇದಕ್ಕೆ ತಿರುವುಮುರುವು: 20 ಸೀಟಿನ ಎಸ್‌ಎನ್‌ಪಿ ನಾಲ್ಕು ಸೀಟಿನ ಲಿಬರಲ್ ಡೆಮಾಕ್ರಾಟರನ್ನು ಸೇರಿಸಿಕೊಂಡು 45ರ ಸಭೆಯಲ್ಲಿ ಬಹುಮತ ದಾಟಿತು. ನಾರ್ತ್ ಲ್ಯಾನರ್ಕ್‌ಶರ್‌ನಲ್ಲಿ ಮೇ ತಿಂಗಳಲ್ಲಿ ಎಸ್‌ಎನ್‌ಪಿ ಅಧಿಕಾರ ಹಿಡಿದು, ಆಗಸ್ಟ್ ಹೊತ್ತಿಗೆ ಚುನಾವಣೆಯೇ ಇಲ್ಲದೆ ಅದು ಲೇಬರ್ ಕೈಗೆ ದಾಟಿತು.

ನನಗೆ ಇದರಲ್ಲಿ ಒಂದು ಕೊರತೆ ಕಾಣುತ್ತದೆ, ಅದನ್ನು ಮುಚ್ಚಿಡುವುದಿಲ್ಲ. ಯಾರು ಯಾರ ಜತೆ ಸೇರಬಹುದು ಎಂಬುದು ಮತ ಹಾಕುವ ಮೊದಲೇ ಮತದಾರನಿಗೆ ತಿಳಿದಿರಬೇಕು. ‘ಮೈತ್ರಿ ಇಲ್ಲ’ ಎಂದು ಹೇಳಿ, ಆಮೇಲೆ ಮೈತ್ರಿಯ ಹೆಸರಿಲ್ಲದೆ ಬೆಂಬಲ ಪಡೆಯುವುದು ನಿಯಮಕ್ಕೆ ಸರಿಯಾದರೂ ಮತದಾರನ ಮುಂದೆ ಪೂರ್ತಿ ಬಿಚ್ಚುಮನಸ್ಸಿನ ನಡೆಯಲ್ಲ.

ಗ್ಲಾಸ್ಗೊ?

ಎಸ್‌ಎನ್‌ಪಿ 37, ಲೇಬರ್ 36, ಗ್ರೀನ್ 10, ಕನ್ಸರ್ವೇಟಿವ್ 2. ಒಂದೇ ಸೀಟಿನ ಅಂತರ. ಗ್ರೀನ್ ಪಕ್ಷದ ಜತೆ ಕಾರ್ಯಕ್ರಮಗಳ ಒಪ್ಪಂದ ಮಾಡಿಕೊಂಡು ಎಸ್‌ಎನ್‌ಪಿ ಆಡಳಿತ ಉಳಿಸಿಕೊಂಡಿತು, ಸೂಸನ್ ಐಟ್ಕನ್ ನಾಯಕಿಯಾಗಿ ಮುಂದುವರಿದರು. ದಶಕಗಳ ಕಾಲ ಲೇಬರ್‌ನ ಭದ್ರಕೋಟೆಯಾಗಿದ್ದ ಈ ನಗರ 2017ರಲ್ಲಿ ಕೈತಪ್ಪಿತ್ತು. 2022ರಲ್ಲಿ ಲೇಬರ್ ಬಾಗಿಲವರೆಗೆ ಬಂದು ಮರಳಿತು. ಆ ವರ್ಷವೇ, ಬಾಲ್ಯದಲ್ಲಿ ನಿರಾಶ್ರಿತೆಯಾಗಿ ಗ್ಲಾಸ್ಗೊಗೆ ಬಂದಿದ್ದ ಕುರ್ದ್ ಮೂಲದ ರೋಜಾ ಸಾಲಿಹ್ ಎಸ್‌ಎನ್‌ಪಿಯಿಂದ ಕೌನ್ಸಿಲರ್ ಆದರು. ಇದೇ ನಗರದಲ್ಲಿ 1970ರಲ್ಲಿ ಪಾಕಿಸ್ತಾನ ಮೂಲದ ಬಶೀರ್ ಮಾನ್ ಕೌನ್ಸಿಲರ್ ಆಗಿ ಗೆದ್ದದ್ದನ್ನು ಇಲ್ಲಿನ ದಕ್ಷಿಣ ಏಷ್ಯಾದ ಹಿರಿಯರು ಈಗಲೂ ನೆನೆಯುತ್ತಾರೆ.

ಕೌನ್ಸಿಲ್ ಎಂದರೆ ನಮ್ಮ ಮಹಾನಗರ ಪಾಲಿಕೆಯಂತೆಯೇ?

ಪಾಲಿಕೆ ಮತ್ತು ಜಿಲ್ಲಾ ಪಂಚಾಯಿತಿ ಎರಡನ್ನೂ ಒಂದೇ ಪಾತ್ರೆಗೆ ಹಾಕಿದಂತೆ ಎನ್ನಬಹುದು. 1996ರಿಂದ ಇಲ್ಲಿ ಸ್ಥಳೀಯ ಸರ್ಕಾರಕ್ಕೆ ಒಂದೇ ಹಂತ. ಶಾಲೆಗಳು, ವೃದ್ಧರ ಮತ್ತು ಅಂಗವಿಕಲರ ಆರೈಕೆ, ರಸ್ತೆ, ಕಸ ವಿಲೇವಾರಿ, ಗ್ರಂಥಾಲಯ, ಕಟ್ಟಡ ಪರವಾನಗಿ ಎಲ್ಲವೂ ಕೌನ್ಸಿಲ್ ಹೊಣೆ. ಮನೆಗಳನ್ನು ಎ ಇಂದ ಎಚ್‌ವರೆಗಿನ ಶ್ರೇಣಿಗಳಲ್ಲಿಟ್ಟು ಕೌನ್ಸಿಲ್ ತೆರಿಗೆ ವಸೂಲಿ ಮಾಡುತ್ತಾರೆ. ಆದರೂ ಬೊಕ್ಕಸದ ದೊಡ್ಡ ಪಾಲು ಬರುವುದು ಸ್ಕಾಟಿಷ್ ಸರ್ಕಾರದ ಅನುದಾನದಿಂದ. ಜನಸಂಖ್ಯೆಯಲ್ಲಿ ಅಜಗಜಾಂತರ: ಗ್ಲಾಸ್ಗೊ ಕೌನ್ಸಿಲ್ ಆರು ಲಕ್ಷಕ್ಕೂ ಹೆಚ್ಚು ಜನರದು, ಆರ್ಕ್ನಿ ಕೌನ್ಸಿಲ್ ಸುಮಾರು 22,000 ಜನರದು. ಸ್ಕಾಟ್ಲೆಂಡಿನ ಜನರನ್ನು ಕೌನ್ಸಿಲರ್‌ಗಳ ಸಂಖ್ಯೆಯಿಂದ ಭಾಗಿಸಿದರೆ ಸರಾಸರಿ 4,400 ಮಂದಿಗೆ ಒಬ್ಬ ಕೌನ್ಸಿಲರ್.

ಮತಪತ್ರದಲ್ಲಿ ಗುರುತು ಹಾಕುವ ಬದಲು 1, 2, 3 ಎಂದು ಬರೆಯುವುದೇಕೆ?

ಇಲ್ಲಿಂದ ಮುಂದಿನದು ಈ ಪುಟದ ತಿರುಳು. ಇದು ತಿಳಿಯದೆ ಫಲಿತಾಂಶದ ಯಾವ ಅಂಕಿಯೂ ಪೂರ್ತಿ ಅರ್ಥವಾಗದು.

ಒಂದು ವಾರ್ಡ್‌ನಿಂದ ಒಬ್ಬರಲ್ಲ, ಸಾಮಾನ್ಯವಾಗಿ ಮೂವರು ಅಥವಾ ನಾಲ್ವರು ಕೌನ್ಸಿಲರ್‌ಗಳು ಆಯ್ಕೆಯಾಗುತ್ತಾರೆ. ಕೆಲವು ವಾರ್ಡ್‌ಗಳಲ್ಲಿ, ಅದರಲ್ಲೂ ದ್ವೀಪಗಳ ಕಡೆ, ಇದಕ್ಕಿಂತ ಕಡಿಮೆ. ಅರನ್ ದ್ವೀಪ 2022ರಲ್ಲಿ ಒಬ್ಬನೇ ಸದಸ್ಯನ ವಾರ್ಡ್ ಆಯಿತು. ಮತದಾರನಿಗೆ ಇರುವುದು ಒಂದೇ ಮತ. ತನಗೆ ಅತಿ ಇಷ್ಟವಾದವರ ಮುಂದೆ 1, ಅವರ ನಂತರ ಇಷ್ಟವಾದವರ ಮುಂದೆ 2, ಹೀಗೆ ಎಷ್ಟು ಮಂದಿಗೆ ಬೇಕೋ ಅಷ್ಟು ಮಂದಿಗೆ ಪ್ರಾಶಸ್ತ್ಯ ಬರೆಯಬಹುದು. 1 ಎಂದು ಮಾತ್ರ ಬರೆದು ಬಂದರೂ ಮತ ಸಿಂಧು.

ಕರ್ನಾಟಕದಲ್ಲಿ ವಿಧಾನ ಪರಿಷತ್ತಿನ ಪದವೀಧರ ಅಥವಾ ಶಿಕ್ಷಕರ ಕ್ಷೇತ್ರಕ್ಕೆ ಮತ ಹಾಕಿದವರಿಗೆ ಇದು ಹೊಸದಲ್ಲ. ‘ಮೊದಲ ಪ್ರಾಶಸ್ತ್ಯದ ಮತ’, ‘ಎರಡನೇ ಪ್ರಾಶಸ್ತ್ಯದ ಮತಗಳ ಎಣಿಕೆ’ ಎಂಬ ಪತ್ರಿಕೆಯ ಸಾಲುಗಳೂ ಪರಿಚಿತ. ರಾಜ್ಯಸಭೆಗೆ ನಮ್ಮ ಶಾಸಕರು ಮತ ಹಾಕುವುದೂ ಇದೇ ಏಕ ವರ್ಗಾವಣೀಯ ಮತ ಪದ್ಧತಿಯಲ್ಲಿ. ನಮ್ಮಲ್ಲಿ ಶಾಸಕರಿಗೂ ಪದವೀಧರರಿಗೂ ಮೀಸಲಾದ ಈ ಪದ್ಧತಿಯನ್ನು ಸ್ಕಾಟ್ಲೆಂಡ್ ತನ್ನ ಹಾಲು ಮಾರುವವರಿಂದ ಹಿಡಿದು ಹದಿನಾರರ ಹುಡುಗಿಯವರೆಗೆ ಎಲ್ಲರ ಕೈಗೆ ಕೊಟ್ಟಿದೆ. ನಾನು ಮೊದಲ ಸಲ ಆ ಮತಪತ್ರ ಹಿಡಿದು, ದಾರಕ್ಕೆ ಕಟ್ಟಿದ ಪೆನ್ಸಿಲ್‌ನಿಂದ ಅಂಕಿಗಳನ್ನು ಬರೆಯುವಾಗ, ನನ್ನ ಇಷ್ಟವನ್ನಷ್ಟೇ ಅಲ್ಲ, ನನ್ನ ಇಷ್ಟಗಳ ಕ್ರಮವನ್ನೂ ಯಾರೋ ಕೇಳುತ್ತಿದ್ದಾರೆ ಅನ್ನಿಸಿತ್ತು.

ಗೆಲ್ಲಲು ಎಷ್ಟು ಮತ ಬೇಕು? ವರ್ಗಾವಣೆ ಎಂದರೇನು?

ಸಿಂಧು ಮತಗಳನ್ನು ಸೀಟುಗಳ ಸಂಖ್ಯೆಗೆ ಒಂದು ಕೂಡಿಸಿ ಭಾಗಿಸಬೇಕು. ಬಂದ ಪೂರ್ಣಾಂಕಕ್ಕೆ ಒಂದು ಸೇರಿಸಿದರೆ ಕೋಟಾ. ಉದಾಹರಣೆಗೆ ಒಂದು ವಾರ್ಡ್ ಕಲ್ಪಿಸಿಕೊಳ್ಳಿ. ನಾಲ್ಕು ಸೀಟು, 9,000 ಸಿಂಧು ಮತ. ಒಂಬತ್ತು ಸಾವಿರವನ್ನು ಐದರಿಂದ ಭಾಗಿಸಿದರೆ 1,800, ಒಂದು ಸೇರಿಸಿದರೆ 1,801. ಇಷ್ಟು ಮತ ದಾಟಲು ನಾಲ್ವರಿಗೆ ಮಾತ್ರ ಸಾಧ್ಯ, ಐದನೆಯವರಿಗೆ ಮತವೇ ಉಳಿಯದು.

ಈಗ ಒಬ್ಬ ಅಭ್ಯರ್ಥಿಗೆ 2,401 ಮೊದಲ ಪ್ರಾಶಸ್ತ್ಯದ ಮತ ಬಂದಿತು ಎನ್ನೋಣ. ಅವರು ಗೆದ್ದರು, 600 ಮತ ಹೆಚ್ಚಾಯಿತು. ಆ ಹೆಚ್ಚುವರಿ ವ್ಯರ್ಥವಾಗಬಾರದು. ಹಾಗೆಂದು 2,401ರಲ್ಲಿ ಯಾವ 600 ಮತಪತ್ರಗಳನ್ನು ಎತ್ತಿ ಮುಂದಿನವರಿಗೆ ಕೊಡುವುದು? ಕೈಗೆ ಸಿಕ್ಕವನ್ನು ಎತ್ತಿದರೆ ಫಲಿತಾಂಶ ಅದೃಷ್ಟದ ಆಟವಾಗುತ್ತದೆ. ಅದಕ್ಕೆ ಇಲ್ಲಿ ಎಲ್ಲ 2,401 ಮತಪತ್ರಗಳನ್ನೂ ಮುಂದಕ್ಕೆ ಕಳುಹಿಸುತ್ತಾರೆ, ಆದರೆ ತೂಕ ಇಳಿಸಿ. ಅರುನೂರನ್ನು 2,401ರಿಂದ ಭಾಗಿಸಿ, ಐದು ದಶಮಾಂಶ ಸ್ಥಾನಕ್ಕೆ ನಿಲ್ಲಿಸಿದರೆ ಪ್ರತಿ ಮತಪತ್ರದ ತೂಕ 0.24989. ಅವುಗಳಲ್ಲಿ ಸಾವಿರ ಮಂದಿ ಎರಡನೇ ಪ್ರಾಶಸ್ತ್ಯವನ್ನು ಒಬ್ಬರಿಗೇ ಕೊಟ್ಟಿದ್ದರೆ ಆ ಅಭ್ಯರ್ಥಿಯ ಖಾತೆಗೆ 249.89 ಮತ ಜಮೆಯಾಗುತ್ತದೆ. ಸ್ಕಾಟ್ಲೆಂಡಿನ ಫಲಿತಾಂಶ ಪಟ್ಟಿಯಲ್ಲಿ ಮತಗಳು ಚೂರುಚೂರಾಗಿ ಕಾಣುವುದು ಇದೇ ಕಾರಣಕ್ಕೆ.

ಹೆಚ್ಚುವರಿ ಹಂಚಿದ ಮೇಲೂ ಸೀಟು ಉಳಿದರೆ, ಅತಿ ಕಡಿಮೆ ಮತ ಪಡೆದವರನ್ನು ಕಣದಿಂದ ಹೊರಗಿಟ್ಟು ಅವರ ಮತಪತ್ರಗಳನ್ನು ಮುಂದಿನ ಪ್ರಾಶಸ್ತ್ಯದವರಿಗೆ ಕೊಡುತ್ತಾರೆ. ಸೀಟು ತುಂಬುವವರೆಗೆ ಇದೇ ಸುತ್ತು.

ಮೊದಲ ಸುತ್ತಿನಲ್ಲಿ ಮುಂದಿದ್ದವರು ಕೊನೆಗೆ ಸೋಲುವುದು ನ್ಯಾಯವೇ?

ನ್ಯಾಯ ಎಂದೇ ನನ್ನ ನಂಬಿಕೆ. ಒಬ್ಬ ಅಭ್ಯರ್ಥಿಗೆ ಗಟ್ಟಿ ಅಭಿಮಾನಿಗಳು ಇರಬಹುದು, ಆದರೆ ಉಳಿದ ಯಾರೂ ಅವರ ಹೆಸರಿನ ಮುಂದೆ 4 ಎಂದೂ ಬರೆಯದಿರಬಹುದು. ಇನ್ನೊಬ್ಬರು ಮೊದಲ ಸುತ್ತಿನಲ್ಲಿ ಹಿಂದಿದ್ದರೂ ಬಹಳ ಮಂದಿಗೆ ಎರಡನೆಯ ಅಥವಾ ಮೂರನೆಯ ಇಷ್ಟವಾಗಿರಬಹುದು. ಇಡೀ ವಾರ್ಡ್ ಒಪ್ಪುವವರು ಯಾರು ಎಂದು ಕೇಳಿದರೆ ಎರಡನೆಯವರೇ. ಹೀಗಾಗಿ ಪ್ರಚಾರದ ಭಾಷೆಯೂ ತುಸು ಬದಲಾಗುತ್ತದೆ. ಎದುರಾಳಿಯ ಬೆಂಬಲಿಗನ ಮನೆ ಬಾಗಿಲಿಗೂ ಹೋಗಿ ‘ನಿಮ್ಮ ಎರಡನೆಯ ಪ್ರಾಶಸ್ತ್ಯ ನನಗಿರಲಿ’ ಎಂದು ಕೇಳಬೇಕಾದವರು ಆ ಎದುರಾಳಿಯನ್ನು ಬಾಯಿಗೆ ಬಂದಂತೆ ಬೈಯಲಾರರು.

ಒಂದೇ ಪಕ್ಷದ ಇಬ್ಬರು ನಿಂತರೆ ಮತ ಒಡೆಯುವುದಿಲ್ಲವೇ?

ಮತ ವರ್ಗಾವಣೆಯಾಗುವುದರಿಂದ ಅಷ್ಟಾಗಿ ಒಡೆಯುವುದಿಲ್ಲ. ಆದರೆ ಇಲ್ಲೊಂದು ಸೂಕ್ಷ್ಮವಿದೆ. ಮತಪತ್ರದಲ್ಲಿ ಹೆಸರುಗಳು ಮನೆತನದ ಹೆಸರಿನ ಅಕ್ಷರಕ್ರಮದಲ್ಲಿರುತ್ತವೆ. ಒಂದೇ ಪಕ್ಷದ ಇಬ್ಬರಿದ್ದರೆ ಮೇಲಿರುವವರಿಗೆ 1, ಕೆಳಗಿರುವವರಿಗೆ 2 ಬರೆಯುವವರೇ ಹೆಚ್ಚು. ಇದರಿಂದ ಕೆಳಗಿನ ಅಭ್ಯರ್ಥಿ ಬೇಗನೆ ಕಣದಿಂದ ಹೊರಬೀಳುವ ಅಪಾಯವಿದೆ. ಆದ್ದರಿಂದ ಪಕ್ಷಗಳು ವಾರ್ಡನ್ನು ಬೀದಿಗಳ ಲೆಕ್ಕದಲ್ಲಿ ಎರಡು ಪಾಲು ಮಾಡಿ, ಒಂದು ಪಾಲಿಗೆ ‘ಇವರಿಗೆ 1, ಅವರಿಗೆ 2’ ಎಂದೂ ಇನ್ನೊಂದಕ್ಕೆ ಅದನ್ನು ತಿರುಗಿಸಿಯೂ ಕರಪತ್ರ ಹಂಚುತ್ತವೆ. ಹೆಸರಿನ ಮೊದಲ ಅಕ್ಷರ ಒಬ್ಬರ ಸೋಲು ಗೆಲುವನ್ನು ತೂಗಬಾರದು. ಹೆಸರುಗಳ ಕ್ರಮವನ್ನು ಮತಪತ್ರದಿಂದ ಮತಪತ್ರಕ್ಕೆ ಬದಲಿಸುವುದು ಒಳ್ಳೆಯದು ಎಂಬ ವಾದ ನನಗೆ ಒಪ್ಪಿಗೆ.

ಈ ಪದ್ಧತಿ ಬಂದದ್ದು ಯಾವಾಗ? ಹಳೆಯದರಲ್ಲಿ ಏನು ತಪ್ಪಿತ್ತು?

ಹಳೆಯದು ನಮಗೆಲ್ಲ ಗೊತ್ತಿರುವುದೇ: ವಾರ್ಡಿಗೆ ಒಬ್ಬರು, ಹೆಚ್ಚು ಮತ ಪಡೆದವರು ಗೆದ್ದರು. ಅದರ ಫಲವನ್ನು 2003ರ ಗ್ಲಾಸ್ಗೊ ತೋರಿಸುತ್ತದೆ. ಲೇಬರ್ ಪಕ್ಷಕ್ಕೆ ಬಿದ್ದದ್ದು ಅರ್ಧಕ್ಕಿಂತ ಕಡಿಮೆ ಮತ. ಸಿಕ್ಕದ್ದು 79ರಲ್ಲಿ 71 ಸೀಟು. ನಗರದ ಅರ್ಧಕ್ಕೂ ಹೆಚ್ಚು ಮತದಾರರ ಪಾಲಿಗೆ ಎಂಟು ಕುರ್ಚಿ ಉಳಿಯಿತು. ಹೆಚ್ಚುಕಡಿಮೆ ವಿರೋಧ ಪಕ್ಷವೇ ಇಲ್ಲದ ಸಭೆಯಲ್ಲಿ ಲೆಕ್ಕ ಕೇಳುವವರು ಯಾರು?

ಕರ್ಲಿ ಸಮಿತಿ 2000ದಲ್ಲೇ ಏಕ ವರ್ಗಾವಣೀಯ ಮತ ಪದ್ಧತಿಯನ್ನು ಶಿಫಾರಸು ಮಾಡಿತ್ತು. 2003ರಲ್ಲಿ ಸ್ಕಾಟಿಷ್ ಸಂಸತ್ತಿನಲ್ಲಿ ಲೇಬರ್ ಮತ್ತು ಲಿಬರಲ್ ಡೆಮಾಕ್ರಾಟ್ ಮೈತ್ರಿ ಸರ್ಕಾರ ಮುಂದುವರಿಯಬೇಕಾದಾಗ ಲಿಬರಲ್ ಡೆಮಾಕ್ರಾಟರು ಇದನ್ನು ಷರತ್ತಾಗಿ ಇಟ್ಟರು. ಸರ್ಕಾರದ ಮುಖ್ಯಸ್ಥರಾದ ಫಸ್ಟ್ ಮಿನಿಸ್ಟರ್, ಲೇಬರ್‌ನ ಜ್ಯಾಕ್ ಮೆಕ್‌ಕಾನಲ್ ತಮ್ಮದೇ ಪಕ್ಷದ ಕೌನ್ಸಿಲರ್‌ಗಳ ಸಿಟ್ಟನ್ನು ಎದುರಿಸಿ ಒಪ್ಪಿಕೊಂಡರು. 2004ರಲ್ಲಿ ಕಾಯ್ದೆಯಾಯಿತು, 2007ರಲ್ಲಿ ಮೊದಲ ಪ್ರಯೋಗ ನಡೆಯಿತು. ಆ ವರ್ಷ ಗ್ಲಾಸ್ಗೊದಲ್ಲಿ ಲೇಬರ್ 45ಕ್ಕೆ ಇಳಿಯಿತು, ಎಸ್‌ಎನ್‌ಪಿ ಮೂರರಿಂದ 22ಕ್ಕೆ ಏರಿತು. ತನಗೆ ಲಾಭ ತರುತ್ತಿದ್ದ ಪದ್ಧತಿಯನ್ನು ಆಳುವ ಪಕ್ಷವೇ, ಒತ್ತಡದಿಂದಲಾದರೂ, ಕೈಬಿಟ್ಟ ಉದಾಹರಣೆಗಳು ಜಗತ್ತಿನಲ್ಲಿ ಹೆಚ್ಚಿಲ್ಲ. ಅದಕ್ಕೇ ಈ ಕಥೆಯನ್ನು ನಾನು ಎಲ್ಲರಿಗೂ ಹೇಳುತ್ತೇನೆ.

ಈಗ ಮತಕ್ಕೂ ಸೀಟಿಗೂ ತಾಳೆಯಾಗುತ್ತದೆಯೇ?

ಬಹುಮಟ್ಟಿಗೆ. 2022ರಲ್ಲಿ ಎಸ್‌ಎನ್‌ಪಿಗೆ ಶೇ 34.1ರಷ್ಟು ಮೊದಲ ಪ್ರಾಶಸ್ತ್ಯ ಬಂದಿತ್ತು, ಸೀಟು ಸುಮಾರು ಶೇ 37. ಲೇಬರ್‌ಗೆ ಮತ ಶೇ 21.7, ಸೀಟು ಶೇ 23. ಕನ್ಸರ್ವೇಟಿವ್‌ಗೆ ಮತ ಶೇ 19.7, ಸೀಟು ಶೇ 17.5ರ ಆಸುಪಾಸು. ಪೆಟ್ಟು ಬೀಳುವುದು ಚಿಕ್ಕ ಪಕ್ಷಗಳಿಗೆ: ಗ್ರೀನ್ ಪಕ್ಷಕ್ಕೆ ಶೇ 6ರಷ್ಟು ಮತ ಸಿಕ್ಕರೂ ಸೀಟು ಶೇ 3ನ್ನೂ ಮುಟ್ಟಲಿಲ್ಲ. ಮೂರು ಸೀಟಿನ ವಾರ್ಡ್‌ನಲ್ಲಿ ಕೋಟಾ ಎಂದರೆ ನಾಲ್ಕನೆಯ ಒಂದು ಪಾಲು ಮತ. ಅಲ್ಲಿಯವರೆಗೆ ಏರುವುದು ಅವರಿಗೆ ಸುಲಭವಲ್ಲ. ವಾರ್ಡ್‌ಗಳಲ್ಲಿ ಸೀಟು ಹೆಚ್ಚಿದಷ್ಟೂ ಈ ಅನ್ಯಾಯ ತಗ್ಗುತ್ತದೆ.

2007ರಲ್ಲಿ ಲಕ್ಷಕ್ಕೂ ಹೆಚ್ಚು ಮತ ಅಸಿಂಧುವಾದದ್ದು ಈ ಅಂಕಿ ಬರೆಯುವ ಪದ್ಧತಿಯಿಂದಲೇ ಅಲ್ಲವೇ?

ಅಲ್ಲ, ಇದು ಬಹಳ ಹಬ್ಬಿರುವ ತಪ್ಪು ತಿಳಿವಳಿಕೆ. ಆ ವರ್ಷ ಸ್ಕಾಟಿಷ್ ಸಂಸತ್ತಿಗೂ ಕೌನ್ಸಿಲ್‌ಗಳಿಗೂ ಒಂದೇ ದಿನ ಮತದಾನ ನಡೆಯಿತು. 1.4 ಲಕ್ಷಕ್ಕೂ ಹೆಚ್ಚು ಮತಗಳು ತಿರಸ್ಕೃತವಾದದ್ದು ಸಂಸತ್ತಿನ ಚುನಾವಣೆಯಲ್ಲಿ. ಕ್ಷೇತ್ರದ ಮತ ಮತ್ತು ಪ್ರಾಂತ್ಯದ ಮತ ಎರಡನ್ನೂ ಒಂದೇ ಹಾಳೆಯಲ್ಲಿ ಅಚ್ಚು ಹಾಕಿ ಜನರನ್ನು ಗೊಂದಲಕ್ಕೆ ದೂಡಿದ್ದರು. ಕೆನಡಾದ ರಾನ್ ಗೂಲ್ಡ್ ನಡೆಸಿದ ಪರಿಶೀಲನೆ ಇದನ್ನೇ ಎತ್ತಿ ತೋರಿಸಿತು, ಎರಡು ಚುನಾವಣೆಗಳನ್ನು ಬೇರೆ ಬೇರೆ ದಿನ ನಡೆಸಿ ಎಂದಿತು. ಹಾಗಾಗಿ 2011ರಲ್ಲಿ ಬರಬೇಕಿದ್ದ ಕೌನ್ಸಿಲ್ ಚುನಾವಣೆ 2012ಕ್ಕೆ ಹೋಯಿತು. ಕೌನ್ಸಿಲ್ ಚುನಾವಣೆಗಳಲ್ಲಿ ತಿರಸ್ಕೃತ ಮತ ಶೇ 2ರೊಳಗೇ ಇರುತ್ತದೆ. ಹಾಗೆಂದು ಅದನ್ನು ತಳ್ಳಿಹಾಕಲಾಗದು. ಎರಡು ಕಡೆ 1 ಎಂದು ಬರೆದು ಮತ ಕಳೆದುಕೊಳ್ಳುವವರು ಇನ್ನೂ ಇದ್ದಾರೆ.

ಎಣಿಕೆ ಹೇಗೆ ನಡೆಯುತ್ತದೆ?

ಗುರುವಾರ ಬೆಳಿಗ್ಗೆ 7ರಿಂದ ರಾತ್ರಿ 10ರವರೆಗೆ ಮತದಾನ, ಎಣಿಕೆ ಶುಕ್ರವಾರ ಹಗಲು. ಮತಪತ್ರ ಕಾಗದದ್ದೇ, ಆದರೆ ಸ್ಕ್ಯಾನರ್ ಅದನ್ನು ಓದುತ್ತದೆ. ಅಂಕಿ ಸ್ಪಷ್ಟವಿಲ್ಲದ ಮತಪತ್ರದ ಚಿತ್ರ ಪರದೆಯ ಮೇಲೆ ಬರುತ್ತದೆ. ಅಭ್ಯರ್ಥಿಗಳ ಏಜೆಂಟರು ನೋಡುತ್ತಿರುವಂತೆಯೇ ಅಧಿಕಾರಿಗಳು ಅದನ್ನು ತೀರ್ಮಾನಿಸುತ್ತಾರೆ. ದಶಮಾಂಶಗಳ ವರ್ಗಾವಣೆಯನ್ನು ಕೈಯಲ್ಲಿ ಮಾಡಲು ಹೊರಟರೆ ದಿನಗಳೇ ಬೇಕು.

ಕನ್ಸರ್ವೇಟಿವ್ ಪಕ್ಷ ಕುಸಿದದ್ದೇಕೆ?

ಮೊದಲು 2017ನ್ನು ನೋಡಬೇಕು. ಆಗ ರೂತ್ ಡೇವಿಡ್ಸನ್ ನೇತೃತ್ವದಲ್ಲಿ ‘ಎರಡನೇ ಸ್ವಾತಂತ್ರ್ಯ ಜನಮತಗಣನೆ ಬೇಡ’ ಎಂಬ ಒಂದೇ ಕೂಗಿನ ಮೇಲೆ ಆ ಪಕ್ಷ 276 ಸೀಟು ಗೆದ್ದು ಲೇಬರನ್ನು ಮೂರನೆಯ ಸ್ಥಾನಕ್ಕೆ ತಳ್ಳಿತ್ತು. ಗ್ಲಾಸ್ಗೊದ ಬಡ ಬಡಾವಣೆಯಾದ ಶೆಟ್ಲ್‌ಸ್ಟನ್‌ನಲ್ಲೂ ಒಬ್ಬ ಕನ್ಸರ್ವೇಟಿವ್ ಗೆದ್ದಾಗ ಎಲ್ಲರೂ ಹುಬ್ಬೇರಿಸಿದ್ದರು. ಅಷ್ಟು ಮೇಲೆ ಹತ್ತಿದ್ದರಿಂದ ಇಳಿಯಲು ಜಾಗವೂ ಹೆಚ್ಚಿತ್ತು. 2022ರ ಏಪ್ರಿಲ್‌ನಲ್ಲಿ, ಮತದಾನಕ್ಕೆ ಮೂರು ವಾರ ಇರುವಾಗ, ಲಾಕ್‌ಡೌನ್ ನಿಯಮ ಮುರಿದ ಕೂಟಕ್ಕಾಗಿ ಪ್ರಧಾನಿ ಬೋರಿಸ್ ಜಾನ್ಸನ್ ಪೊಲೀಸರಿಂದ ದಂಡ ಹಾಕಿಸಿಕೊಂಡರು. ಸ್ಕಾಟ್ಲೆಂಡಿನ ಪಕ್ಷದ ನಾಯಕ ಡಗ್ಲಸ್ ರಾಸ್ ಜನವರಿಯಲ್ಲಿ ಜಾನ್ಸನ್ ರಾಜೀನಾಮೆ ಕೇಳಿ, ಉಕ್ರೇನ್ ಯುದ್ಧ ಶುರುವಾದ ಮೇಲೆ ಆ ಬೇಡಿಕೆಯನ್ನು ಹಿಂತೆಗೆದುಕೊಂಡಿದ್ದರು. ಏರುತ್ತಿದ್ದ ವಿದ್ಯುತ್, ಗ್ಯಾಸ್ ಬಿಲ್ಲುಗಳ ಕೋಪವೂ ಜತೆಗೂಡಿತು. ಲೇಬರ್ ಮರಳಿ ಎರಡನೆಯ ಸ್ಥಾನಕ್ಕೆ ಬಂತು.

ಇದು ಸ್ವಾತಂತ್ರ್ಯದ ಪರ ವಿರುದ್ಧದ ಮತವೇ?

ರಾಷ್ಟ್ರ ಮಟ್ಟದ ಪಕ್ಷಗಳು ಹಾಗೆ ಬಿಂಬಿಸಲು ಯತ್ನಿಸುತ್ತವೆ. ಬಹಳಷ್ಟು ಮತದಾರರ ಪ್ರಾಶಸ್ತ್ಯಗಳೂ ಆ ಗೆರೆಯ ಒಂದೇ ಬದಿಯಲ್ಲಿ ಸಾಗುತ್ತವೆ, ಅದು ನಿಜ. ಆದರೂ ಒಂದು ಶಾಲೆಯನ್ನು ಮುಚ್ಚುವುದೋ ಉಳಿಸುವುದೋ ಎಂಬ ಪ್ರಶ್ನೆಗೆ ಸ್ವಾತಂತ್ರ್ಯದ ವಾದ ಉತ್ತರ ಕೊಡುವುದಿಲ್ಲ. ಈಸ್ಟ್ ಏರ್‌ಶರ್‌ನ ಅರ್ವಿನ್ ಕಣಿವೆಯಲ್ಲಿ ‘ರಬ್ಬಿಷ್ ಪಾರ್ಟಿ’ ಎಂಬ ಪಕ್ಷ ಒಂದು ಸೀಟು ಗೆದ್ದಿದೆ, ಅದೂ 2017 ಮತ್ತು 2022 ಎರಡು ಸಲ. ಹೆಸರಿನ ಅರ್ಥ ಕಸದ ಪಕ್ಷ. ಬೀದಿಯ ಕಸವೇ ಅದು ಕೈಗೆತ್ತಿಕೊಂಡ ವಿಷಯ. ಸ್ಥಳೀಯ ಚುನಾವಣೆಯ ಬಗ್ಗೆ ನನಗೆ ಪ್ರೀತಿ ಹುಟ್ಟುವುದು ಇಂಥ ಗೆಲುವುಗಳಿಂದ.

ದ್ವೀಪಗಳಲ್ಲಿ ಪಕ್ಷಗಳು ಗೆಲ್ಲುವುದಿಲ್ಲವೇಕೆ?

ಎಲ್ಲರಿಗೂ ಎಲ್ಲರ ಪರಿಚಯವಿರುವ ಊರಿನಲ್ಲಿ ಪಕ್ಷದ ಗುರುತಿಗಿಂತ ಮನುಷ್ಯನ ಗುರುತು ದೊಡ್ಡದು. ದೋಣಿ ಸಾರಿಗೆ, ಮೀನುಗಾರಿಕೆ, ಯುವಕರು ಊರು ಬಿಡುವುದು, ಇವೇ ಅಲ್ಲಿನ ಮಾತು. ಆರ್ಕ್ನಿಯ 21 ಸೀಟುಗಳಲ್ಲಿ 19 ಸ್ವತಂತ್ರರದು, ಎರಡು ಗ್ರೀನ್ ಪಕ್ಷದ್ದು. ಆದರೆ ಇದರಲ್ಲಿ ನೋವಿನ ಮುಖವೂ ಇದೆ. ಪಶ್ಚಿಮ ದ್ವೀಪಗಳಲ್ಲಿ 2017ರಲ್ಲಿ ಆಯ್ಕೆಯಾದ 31 ಮಂದಿಯೂ ಗಂಡಸರು. 2022ರಲ್ಲಿ ಮಹಿಳೆಯರು ಸಭೆಗೆ ಮರಳಿದರು. ಸ್ಕಾಟ್ಲೆಂಡಿನಾದ್ಯಂತ ಮಹಿಳಾ ಕೌನ್ಸಿಲರ್‌ಗಳು ಸುಮಾರು ಮೂರನೆಯ ಒಂದು ಭಾಗ. ನಮ್ಮ ಪಂಚಾಯಿತಿಗಳಲ್ಲಿರುವ ಮೀಸಲಾತಿ ಇಲ್ಲಿ ಇಲ್ಲ.

ಅವಿರೋಧ ಆಯ್ಕೆ ಇಲ್ಲಿಯೂ ಉಂಟೇ?

ಉಂಟು. ಮೋರಿ ಕೌನ್ಸಿಲ್‌ನ ಬಕಿ ವಾರ್ಡ್‌ನಲ್ಲಿ 2022ರಲ್ಲಿ ಮೂರು ಸೀಟಿಗೆ ಮೂವರೇ ನಿಂತರು. ಮತದಾನವೇ ನಡೆಯಲಿಲ್ಲ. ಠೇವಣಿ ಕಟ್ಟಬೇಕಿಲ್ಲದ ಚುನಾವಣೆಗೂ ಜನ ಮುಂದೆ ಬರುವುದಿಲ್ಲ ಎಂದರೆ, ಕೌನ್ಸಿಲರ್ ಕೆಲಸದ ಹೊರೆ ಮತ್ತು ಸಂಬಳದ ಬಗ್ಗೆ ಯೋಚಿಸಬೇಕು.

ಎಷ್ಟು ಮಂದಿ ಮತ ಹಾಕುತ್ತಾರೆ?

2012ರಲ್ಲಿ ಶೇ 39.6, 2017ರಲ್ಲಿ ಶೇ 46.9, 2022ರಲ್ಲಿ ಶೇ 44.8. ಅರ್ಧದಷ್ಟೂ ಇಲ್ಲ.

ಉಪಚುನಾವಣೆಯಲ್ಲಿ ಸೀಟು ಬೇರೆ ಪಕ್ಷಕ್ಕೆ ಹೋದರೆ ಗಾಳಿ ಬದಲಾಗಿದೆ ಎಂದು ಅರ್ಥವೇ?

ಅವಸರ ಬೇಡ. ನಾಲ್ಕು ಸೀಟಿನ ವಾರ್ಡ್‌ನಲ್ಲಿ ನಾಲ್ಕನೆಯವರಾಗಿ ಗೆದ್ದಿದ್ದ ಚಿಕ್ಕ ಪಕ್ಷದ ಸದಸ್ಯರು ತೀರಿಕೊಂಡರು ಎನ್ನೋಣ. ಉಪಚುನಾವಣೆ ಒಂದೇ ಸೀಟಿಗೆ ನಡೆಯುವುದರಿಂದ ಕೋಟಾ ಅರ್ಧಕ್ಕೆ ಏರುತ್ತದೆ. ಯಾರೊಬ್ಬರ ಮನಸ್ಸೂ ಬದಲಾಗದಿದ್ದರೂ ಆ ಸೀಟು ದೊಡ್ಡ ಪಕ್ಷದ ಪಾಲಾಗಬಹುದು. ‘ಸೀಟು ಕಸಿದುಕೊಂಡರು’ ಎಂಬ ತಲೆಬರಹದ ಕೆಳಗೆ ಮೊದಲ ಪ್ರಾಶಸ್ತ್ಯದ ಶೇಕಡಾವಾರು ಎಷ್ಟು ಬದಲಾಗಿದೆ ಎಂದು ನೋಡಿ.

ಪ್ರೊವೊಸ್ಟ್ ಎಂದರೆ ಮೇಯರ್?

ಹೌದು, ಆದರೆ ಸಭೆಯ ಅಧ್ಯಕ್ಷತೆ ಮತ್ತು ಸಮಾರಂಭಗಳ ಮಟ್ಟಿಗೆ. ಗ್ಲಾಸ್ಗೊ, ಎಡಿನ್‌ಬರೋ, ಅಬರ್ಡೀನ್, ಡಂಡಿಗಳಲ್ಲಿ ಲಾರ್ಡ್ ಪ್ರೊವೊಸ್ಟ್ ಎನ್ನುತ್ತಾರೆ. ನಿಜವಾದ ಅಧಿಕಾರ ಕೌನ್ಸಿಲ್ ನಾಯಕರದು. ಇಬ್ಬರನ್ನೂ ಕೌನ್ಸಿಲರ್‌ಗಳೇ ಆರಿಸುತ್ತಾರೆ.

ಭಾರತದ ಪಾಸ್‌ಪೋರ್ಟ್ ಇರುವ ನಾವು ಮತ ಹಾಕಬಹುದೇ?

ಹಾಕಬಹುದು, ದಯವಿಟ್ಟು ಹಾಕಿ! ಭಾರತ ಕಾಮನ್‌ವೆಲ್ತ್ ದೇಶವಾದ್ದರಿಂದ, ವಿದ್ಯಾರ್ಥಿ ವೀಸಾ ಅಥವಾ ಕೆಲಸದ ವೀಸಾದ ಮೇಲೆ ಇಲ್ಲಿ ಕಾನೂನುಬದ್ಧವಾಗಿ ವಾಸಿಸುವ ಭಾರತೀಯರಿಗೆ ಈ ಹಕ್ಕು ಮೊದಲಿನಿಂದಲೂ ಇದೆ. 2020ರ ಕಾಯ್ದೆ ಅದನ್ನು ಇಲ್ಲಿ ಕಾನೂನುಬದ್ಧವಾಗಿ ವಾಸಿಸುವ ಎಲ್ಲ ದೇಶಗಳ ಪ್ರಜೆಗಳಿಗೂ ವಿಸ್ತರಿಸಿತು. ವಯಸ್ಸು 16 ಆಗಿರಬೇಕು, ಹೆಸರು ನೋಂದಾಯಿಸಲು 14 ಸಾಕು. ಮತದಾನಕ್ಕೆ 12 ಕೆಲಸದ ದಿನ ಮೊದಲೇ ನೋಂದಣಿ ಮುಗಿಯಬೇಕು, ಆನ್‌ಲೈನ್‌ನಲ್ಲಿ ಐದು ನಿಮಿಷದ ಕೆಲಸ. ಬ್ರಿಟನ್ನಿನ ಸಂಸತ್ ಚುನಾವಣೆಗೆ ಬೇಕಾಗುವ ಫೋಟೊ ಗುರುತಿನ ಚೀಟಿ ಈ ಚುನಾವಣೆಗೆ ಬೇಡ. ಮತಗಟ್ಟೆಗೆ ಹೋಗಲಾಗದವರು ಅಂಚೆ ಮತ ಕೇಳಬಹುದು.

‘ನಾಲ್ಕು ದಿನ ಇದ್ದು ಹೋಗುವ ನಮಗೇಕೆ ಇದೆಲ್ಲ’ ಎನ್ನುವ ವಿದ್ಯಾರ್ಥಿಗಳನ್ನು ಕಂಡಿದ್ದೇನೆ. ನೀವು ಬಾಡಿಗೆಗೆ ಇರುವ ಮನೆಯ ಪರವಾನಗಿ, ರಾತ್ರಿ ಕೆಲಸ ಮುಗಿಸಿ ನಡೆದು ಬರುವ ಬೀದಿಯ ದೀಪ, ನಿಮ್ಮ ಮಗು ಹೋಗುವ ಶಾಲೆ, ಎಲ್ಲವೂ ಇದೇ ಕೌನ್ಸಿಲ್ ಕೈಯಲ್ಲಿದೆ.

ನಮ್ಮ ವಾರ್ಡ್‌ನ ಪೂರ್ತಿ ಲೆಕ್ಕ ಎಲ್ಲಿ ಸಿಗುತ್ತದೆ?

ನಿಮ್ಮ ಕೌನ್ಸಿಲ್‌ನ ಜಾಲತಾಣದಲ್ಲಿ. ಪ್ರತಿ ವಾರ್ಡ್‌ಗೂ ಕೋಟಾ ಎಷ್ಟು, ಯಾವ ಸುತ್ತಿನಲ್ಲಿ ಯಾರು ಗೆದ್ದರು, ಯಾರ ಮತ ಯಾರಿಗೆ ಹರಿಯಿತು ಎಂಬ ಪಟ್ಟಿ ಅಲ್ಲಿರುತ್ತದೆ. ಪಟ್ಟಿಯ ಕೊನೆಯಲ್ಲಿ ಯಾರಿಗೂ ವರ್ಗಾವಣೆಯಾಗದೆ ಉಳಿದ ಮತಗಳು ಕಾಣುತ್ತವೆ. ಒಬ್ಬರಿಗೋ ಇಬ್ಬರಿಗೋ ಮಾತ್ರ ಅಂಕಿ ಬರೆದು ನಿಲ್ಲಿಸಿದವರ ಮತಗಳು ಅವು. ಅದರ ಗಾತ್ರ ನೋಡಿದರೆ, ಮುಂದಿನ ಸಲ ಇನ್ನೊಂದೆರಡು ಅಂಕಿ ಬರೆಯಲು ನಿಮ್ಮ ಕೈ ತಾನಾಗಿ ಮುಂದಾಗುತ್ತದೆ.

ಮುಂದಿನ ಚುನಾವಣೆ ಯಾವಾಗ?

ಅವಧಿ ಐದು ವರ್ಷ. ಮುಂದಿನದು 2027ರ ಮೇ 6, ಗುರುವಾರ.